ಉಸಿರಿನ ಫೆನೋ ಪರೀಕ್ಷೆ: ಮಗಳ ತೀವ್ರ ಉಬ್ಬಸದಲ್ಲಿ ನಾವು ಕಂಡಿದ್ದು

ತೀವ್ರ ಉಬ್ಬಸವಿರುವ ನಮ್ಮ 9 ವರ್ಷದ ಮಗಳಿಗೆ ಒಂದೂವರೆ ವರ್ಷದಲ್ಲಿ 5 ಬಾರಿ ಫೆನೋ ಪರೀಕ್ಷೆ, ಎಂದರೆ ಹೊರಬಿಡುವ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿದ್ದೇವೆ. ಸೂಜಿಯಿಲ್ಲ, ನೋವಿಲ್ಲ. ಪರದೆಯ ಮೇಲಿನ ಚಿತ್ರವನ್ನು ನೋಡುತ್ತ ಒಂದೇ ವೇಗದಲ್ಲಿ, ಸೆಕೆಂಡಿಗೆ 50 ಮಿಲಿಲೀಟರಿನಂತೆ, ಕೆಲವು ಸೆಕೆಂಡು ಊದಿದರೆ ಆಯಿತು. ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಸ್ಪೈರೊಮೆಟ್ರಿಯಲ್ಲಿ ಬಲವಾಗಿ ಊದುವಾಗಲೆಲ್ಲ ಕೆಮ್ಮಿ ಕಣ್ಣೀರು ಹಾಕುತ್ತಿದ್ದ ಮಗು ಇದಕ್ಕೆ ತಾನಾಗಿಯೇ ಕುಳಿತಿದ್ದು ನಮಗೆ ದೊಡ್ಡ ಸಮಾಧಾನ.

ಅಲರ್ಜಿ ಸ್ವರೂಪದ ಉರಿಯೂತವಿದ್ದಾಗ ಶ್ವಾಸನಾಳದ ಒಳಪದರದ ಕೋಶಗಳು ಹೆಚ್ಚು ನೈಟ್ರಿಕ್ ಆಕ್ಸೈಡ್ ತಯಾರಿಸುತ್ತವೆ. ಇನ್ಹೇಲರಿನ ಸ್ಟೀರಾಯ್ಡ್ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಅಮೆರಿಕನ್ ಥೊರಾಸಿಕ್ ಸೊಸೈಟಿಯ 2011ರ ಮಾರ್ಗಸೂಚಿಯ ಪ್ರಕಾರ 12 ವರ್ಷದೊಳಗಿನ ಮಕ್ಕಳಲ್ಲಿ 20 ಪಿಪಿಬಿಗಿಂತ (ಉಸಿರಿನ ನೂರು ಕೋಟಿ ಭಾಗಗಳಲ್ಲಿ ಈ ಅನಿಲದ ಭಾಗಗಳೆಷ್ಟು ಎಂಬ ಅಳತೆ) ಕೆಳಗಿನದು ಕಡಿಮೆ, 35ಕ್ಕಿಂತ ಮೇಲಿನದು ಹೆಚ್ಚು. ಮಗಳ ಮೊದಲ ಅಂಕಿ 58 ಇತ್ತು. ಔಷಧಿಯನ್ನು ಬದಲಿಸುವ ಮೊದಲು ವೈದ್ಯರು ಆಕೆ ಸ್ಪೇಸರ್, ಎಂದರೆ ಇನ್ಹೇಲರಿಗೆ ಜೋಡಿಸುವ ಮುಖವಾಡವಿರುವ ಕೊಳವೆ, ಹಿಡಿಯುವ ರೀತಿಯನ್ನು ನೋಡಿದರು. ಮುಖವಾಡ ಕೆನ್ನೆಗೆ ಸರಿಯಾಗಿ ಕೂರದೆ ಔಷಧಿಯ ಬಹುಪಾಲು ಹೊರಗೇ ಹೋಗುತ್ತಿತ್ತು. ಅದನ್ನು ಸರಿಪಡಿಸಿದ 3 ತಿಂಗಳಿಗೆ ಅಂಕಿ 24ಕ್ಕೆ ಇಳಿಯಿತು. ಈ ಪರೀಕ್ಷೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನಾನು ನಂಬುತ್ತೇನೆ.

ಆದರೆ ಅಂಕಿ ಕಡಿಮೆಯಿದ್ದ ಮಾತ್ರಕ್ಕೆ ಶ್ವಾಸನಾಳ ಶಾಂತವಾಗಿದೆ ಎಂದುಕೊಳ್ಳಬಾರದು. ನಾಲ್ಕನೆಯ ಬಾರಿ 19 ಬಂದಾಗ ಸಿಬ್ಬಂದಿ "ಎಲ್ಲ ನಾರ್ಮಲ್" ಎಂದು ನಮ್ಮನ್ನು ಕಳುಹಿಸಿದರು. ಅದೇ ವಾರ ಮಗಳು ಪ್ರತಿ ರಾತ್ರಿ ಏದುಸಿರಿನಿಂದ ಎದ್ದು ಕೂರುತ್ತಿದ್ದಳು. ತೀವ್ರ ಉಬ್ಬಸದ ಮಕ್ಕಳ ಶ್ವಾಸನಾಳವನ್ನು ಒದ್ದೆಯಾಗಿಡುವ ದ್ರವದಲ್ಲಿ, ಕೋಶಗಳನ್ನು ಕಾಯುವ ಗ್ಲುಟಾಥಯೋನ್ ಕಡಿಮೆಯಾಗಿ ಅದರ ಉತ್ಕರ್ಷಿತ (ಕಾಯುವ ಕೆಲಸದಲ್ಲಿ ಬಳಕೆಯಾಗಿ ಹೋದ) ರೂಪ ಹೆಚ್ಚಿರುವುದನ್ನೂ, ಹೈಡ್ರೋಜನ್ ಪೆರಾಕ್ಸೈಡ್ ಏರಿರುವುದನ್ನೂ ಸಂಶೋಧಕರು ಕಂಡಿದ್ದಾರೆ. ನೈಟ್ರಿಕ್ ಆಕ್ಸೈಡ್ ಕೂಡ ಆಮ್ಲಜನಕದ ಕ್ರಿಯಾಶೀಲ ರೂಪವಾದ ಸೂಪರಾಕ್ಸೈಡಿನೊಂದಿಗೆ ಸೇರಿದರೆ ಪೆರಾಕ್ಸಿನೈಟ್ರೈಟ್ ಆಗಿ ಪ್ರೋಟೀನುಗಳನ್ನು ಕೆಡಿಸುತ್ತದೆ. ಈ ಆಕ್ಸಿಡೇಟಿವ್ ಒತ್ತಡದ, ಎಂದರೆ ಇಂಥ ಕ್ರಿಯಾಶೀಲ ವಸ್ತುಗಳು ಕೋಶಗಳ ರಕ್ಷಣೆಯನ್ನು ಮೀರುವುದರ, ಯಾವುದೂ ಯಂತ್ರದ ಪರದೆಯ ಮೇಲೆ ಮೂಡುವುದಿಲ್ಲ. ಅದು ಎಣಿಸುವುದು ಒಂದೇ ಅನಿಲವನ್ನು. ಉಸಿರನ್ನು ತಣ್ಣಗಾಗಿಸಿ ದ್ರವವಾಗಿ ಹಿಡಿದು ಅದರ ಆಮ್ಲೀಯತೆ, ಪೆರಾಕ್ಸೈಡುಗಳನ್ನು ನೋಡುವ ವಿಧಾನವಿದೆಯಾದರೂ ಅದು ಹೆಚ್ಚಾಗಿ ಸಂಶೋಧನೆಗೇ ಸೀಮಿತ.

ಸೇವೆಯ ಬಗ್ಗೆ ನನ್ನ ದೂರು ಗಂಭೀರವಾದದ್ದು. ಒಮ್ಮೆ ಸ್ಪೈರೊಮೆಟ್ರಿಯನ್ನು ಮೊದಲು ಮಾಡಿ ಆಮೇಲೆ ಫೆನೋ ಮಾಡಿದರು. ಬಲವಾಗಿ ಊದಿದ ಮೇಲೆ ಅಂಕಿ ತಗ್ಗಬಹುದಾದ್ದರಿಂದ ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು. ನೈಟ್ರೇಟ್ ಹೆಚ್ಚಿರುವ ಸೊಪ್ಪು, ಬೀಟ್‌ರೂಟ್ ತಿಂದಿದ್ದರೆ ಅಥವಾ ನೆಗಡಿಯಾಗಿದ್ದರೆ ಅಂಕಿ ಏರಬಹುದೆಂದು ಮೊದಲೇ ಹೇಳುವವರೂ ಇರಲಿಲ್ಲ. ಇವನ್ನು ಕೇಳಿ ತಿಳಿದುಕೊಳ್ಳುವ ಹೊಣೆ ತಾಯ್ತಂದೆಯರ ಮೇಲೆ ಬೀಳಬಾರದಿತ್ತು.

ಸ್ಟೀರಾಯ್ಡ್ ಇನ್ಹೇಲರ್ ತೆಗೆದುಕೊಳ್ಳುತ್ತಿದ್ದರೂ ಹತೋಟಿಗೆ ಬಾರದ ಮಗುವಿಗೆ ಈ ಪರೀಕ್ಷೆಯನ್ನು ಮಾಡಿಸಿ ಎಂದೇ ಹೇಳುತ್ತೇನೆ. ಪ್ರತಿ ಸಲವೂ ಅದೇ ಯಂತ್ರದಲ್ಲಿ ಮಾಡಿಸಿ, ಏಕೆಂದರೆ ಬೇರೆ ಬೇರೆ ಯಂತ್ರಗಳ ಅಂಕಿಗಳು ಹೊಂದದಿರಬಹುದು. ಅಂಕಿಯ ಪಕ್ಕದಲ್ಲಿ ಆ ವಾರದ ರಾತ್ರಿಗಳು ಹೇಗಿದ್ದವು ಎಂಬುದನ್ನೂ ಬರೆದು ವೈದ್ಯರಿಗೆ ತೋರಿಸಿ.