ಹಳೇ ಊರು ಸುತ್ತೋಕೆ ನಾಯಿಗೆ ಯಾವ ಬೆಲ್ಟು? ಮೂರು ಥರದ್ದೂ ಬಳಸಿ ನೋಡಿದ್ಮೇಲೆ ಬರೀತಿದೀನಿ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಮಾಮೂಲಿ 2 ಮೀಟರ್ ಪಟ್ಟಿ ಬೆಲ್ಟಿಗೆ. ಕೋಟೆ ಬಾಗಿಲು, ಕಲ್ಲು ಹಾಸಿದ ಓಣಿ, ಸವೆದ ಮೆಟ್ಟಿಲು ಇರೋ ಊರಿಗೆ ನಾಯಿ ಕರ್ಕೊಂಡು ಹೋಗೋರು ಬೇರೆ ಏನೂ ತಗೊಳ್ಳೋದು ಬೇಡ ಅಂತ ನನಗನ್ಸುತ್ತೆ. ಹೀಗೆ ಗಟ್ಟಿಯಾಗಿ ಹೇಳೋಕೆ ಕಾರಣ ಇದೆ, ಮುಂದೆ ಓದಿ.

ನಮ್ಮ ಗುಂಡನಿಗೆ ನಾಲ್ಕು ವರ್ಷ, 18 ಕೆಜಿ ಇದಾನೆ. ಮನೇಲಿ ತುಂಬಾ ಸಾಧು, ಹೊಸ ಜಾಗಕ್ಕೆ ಹೋದ್ರೆ ಮಾತ್ರ ಪ್ರತಿ ಕಂಬ ಪ್ರತಿ ಗೋಡೆ ಮೂಸ್ಲೇಬೇಕು. ಪಾಪ ಸ್ವಲ್ಪ ಫ್ರೀಯಾಗಿ ಓಡಾಡ್ಲಿ ಅಂತ ಟ್ರಿಪ್ಪಿಗೆ ಮುಂಚೆ 5 ಮೀಟರ್ ರಿಟ್ರಾಕ್ಟಬಲ್ ತಗೊಂಡೆ, ಅದೇ ಪ್ಲಾಸ್ಟಿಕ್ ಹಿಡಿಯೊಳಗೆ ಸ್ಪ್ರಿಂಗ್ ಇರುತ್ತಲ್ಲ, ನಾಯಿ ಮುಂದೆ ಹೋದಂಗೆ ದಾರ ಬಿಡ್ತಾ ಹೋಗುತ್ತೆ, ಹತ್ರ ಬಂದ್ರೆ ತಾನೇ ಒಳಗೆ ಸುತ್ಕೊಳ್ಳುತ್ತೆ, ಅದು. ಕೋಟೆ ಹೊರಗಿನ ಬಯಲಲ್ಲಿ ಅರ್ಧ ಗಂಟೆ ನಿಜವಾಗ್ಲೂ ಚೆನ್ನಾಗಿತ್ತು. ಅವನು ಹುಲ್ಲು ಮೂಸ್ಕೊಂಡು ಅಲ್ಲಿ, ನಾನು ಇಲ್ಲಿ, ಇಬ್ಬರಿಗೂ ಖುಷಿ.

ಬಾಗಿಲು ದಾಟಿ ಒಳಗೆ ಹೋದ್ಮೇಲೆ ಕಷ್ಟ ಶುರುವಾಯ್ತು. ಹಳೇ ಕೋಟೆಗಳಲ್ಲಿ ಬಾಗಿಲಿಂದ ಒಳಗೆ ನೇರ ದಾರಿ ಇರೋದು ಕಮ್ಮಿ, ಶತ್ರುಗಳು ಒಂದೇ ಓಟಕ್ಕೆ ನುಗ್ಗಬಾರ್ದು ಅಂತ ಎಲ್ ಆಕಾರದಲ್ಲಿ ತಿರುಗಿಸಿ ಕಟ್ಟಿರ್ತಾರೆ. ಆ ತಿರುವಲ್ಲಿ ಗುಂಡ ಎಡಕ್ಕೆ ಹೋಗಿ ಕಣ್ಮರೆ ಆದ, ನನ್ನ ಕಣ್ಣಿಗೆ ಕಾಣ್ತಿದ್ದಿದ್ದು ಬರೀ ದಾರ, ಅದೂ ಕಲ್ಲಿನ ಮೂಲೆಗೆ ಉಜ್ಜಿಕೊಂಡು ಹೋಗ್ತಿತ್ತು. ಆ ಕಡೆಯಿಂದ ಇನ್ನೊಂದು ನಾಯಿ ಬೊಗಳಿದ ಸದ್ದು ಕೇಳಿಸ್ತು. ಬ್ರೇಕ್ ಬಟನ್ ಒತ್ತಿದೆ. ಆದ್ರೆ ಬ್ರೇಕ್ ಅನ್ನೋದು ದಾರ ಇನ್ನೂ ಮುಂದೆ ಹೋಗದಂಗೆ ತಡೆಯುತ್ತೆ ಅಷ್ಟೇ, ನಾಯಿನ ವಾಪಸ್ ಎಳ್ಕೊಂಡು ಬರಲ್ಲ, ನಾವೇ ಅದರ ಹತ್ರ ಹೋಗ್ಬೇಕು. ಗಾಬರೀಲಿ ಬರಿಗೈಯಲ್ಲಿ ದಾರ ಹಿಡ್ಕೊಂಡೆ. ಸರ್ ಅಂತ ಜಾರಿ ಎರಡು ಬೆರಳ ಮೇಲೆ ಕೆಂಪು ಬರೆ ಬಿತ್ತು, ಹಿಡಿ ಕೈಯಿಂದ ಹೋಯ್ತು.

ಇಲ್ಲಿಂದ ಮುಂದೆ ಆಗಿದ್ದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗುತ್ತೆ. ಹಿಡಿ ಬಿತ್ತು ಅಂದ್ರೆ ಸುಮ್ನೆ ಬಿದ್ದಲ್ಲೇ ಇರಲ್ಲ, ಸ್ಪ್ರಿಂಗ್ ಅದನ್ನ ನಾಯಿ ಕಡೆಗೇ ಎಳ್ಕೊಂಡು ಹೋಗುತ್ತೆ. ಕಲ್ಲು ಹಾಸಿನ ಮೇಲೆ ಆ ಪ್ಲಾಸ್ಟಿಕ್ ಡಬ್ಬಿ ಟಕಟಕ ಅಂತ ಕುಪ್ಪಳಿಸ್ಕೊಂಡು ಹೋಯ್ತು, ಎರಡೂ ಕಡೆ ಎತ್ತರದ ಗೋಡೆ, ಸದ್ದು ಇನ್ನೂ ದೊಡ್ಡದಾಗಿ ಕೇಳ್ತಿತ್ತು. ಗುಂಡನಿಗೆ ಏನೋ ಅಟ್ಟಿಸ್ಕೊಂಡು ಬರ್ತಿದೆ ಅನ್ನಿಸಿ ಓಡಿದ, ಓಡಿದಷ್ಟೂ ಅದು ಹಿಂದೇನೇ. ಇಳಿಜಾರಿನ ಓಣಿ, ನಾನು ಹೆಸರು ಕೂಗ್ತಾ ಹಿಂದೆ, ಅವನ ಕಿವಿಗೆ ಏನೂ ಬೀಳ್ತಿಲ್ಲ. ಕೊನೆಗೆ ಒಂದು ಕಲ್ಲು ಬೆಂಚಿನ ಕಾಲಿಗೆ ದಾರ ಸಿಕ್ಕಾಕೊಂಡು ನಿಂತ. ಹೋಗಿ ನೋಡ್ತೀನಿ, ಬೆಂಚಿನ ಕೆಳಗೆ ಮುದುಡಿ ಕೂತಿದಾನೆ, ಮೈ ನಡುಗ್ತಿದೆ, ಮುಂಗಾಲಿನ ಒಂದು ಉಗುರು ಸೀಳಿ ರಕ್ತ ಬರ್ತಿದೆ. ಅವನ ಪಕ್ಕ ನೆಲದಲ್ಲೇ ಕೂತು ಅರ್ಧ ಗಂಟೆ ಸವರಿದೆ. ಮನೆಗೆ ಬಂದ್ಮೇಲೂ ವಾರಗಟ್ಟಲೆ ಪ್ಲಾಸ್ಟಿಕ್ ಬಕೆಟ್ ಎಳೆದ್ರೆ ಸಾಕು, ಮಂಚದ ಕೆಳಗೆ ಹೋಗ್ತಿದ್ದ.

ಇನ್ನೊಂದು ವಿಷಯ ಆಮೇಲೆ ಅರ್ಥ ಆಯ್ತು. ಆ ಸ್ಪ್ರಿಂಗ್ ಸದಾ ಸ್ವಲ್ಪ ಬಿಗಿಯಾಗೇ ಇರುತ್ತೆ, ಹಾಗಾಗಿ ಎಳೆದ್ರೆ ಜಾಗ ಸಿಗುತ್ತೆ ಅಂತ ನಾಯಿ ಕಲ್ತುಬಿಡುತ್ತೆ. ಸಡಿಲ ಬೆಲ್ಟಲ್ಲಿ ನಡೆಯೋಕೆ ತಿಂಗಳುಗಟ್ಟಲೆ ಕಲಿಸಿದ್ದು ಎರಡೇ ದಿನದಲ್ಲಿ ಕೆಟ್ಟಿತ್ತು.

ಸೊಂಟಕ್ಕೆ ಕಟ್ಕೊಳ್ಳೋ ಬೆಲ್ಟು, ಮಧ್ಯ ಎಲಾಸ್ಟಿಕ್ ಇರುತ್ತಲ್ಲ, ಅದನ್ನ ಸ್ನೇಹಿತರ ಹತ್ರ ಇಸ್ಕೊಂಡು ಒಂದು ಟ್ರಿಪ್ ನೋಡ್ದೆ. ಎರಡೂ ಕೈ ಖಾಲಿ, ಫೋಟೋಗೆ ನೀರು ಕುಡಿಸೋಕೆ ಸಲೀಸು. ಸಮತಟ್ಟು ರಸ್ತೇಲಿ ಯಾವ ದೂರೂ ಇಲ್ಲ. ಮೆಟ್ಟಿಲು ಇಳಿಯುವಾಗ ಮಾತ್ರ ಬೇಡವೇ ಬೇಡ, ನೂರಾರು ವರ್ಷ ಜನ ತುಳಿದು ಮಧ್ಯ ಗುಂಡಿ ಬಿದ್ದು ನುಣ್ಣಗಾದ ಕಲ್ಲು, ಅದರ ಮೇಲೆ 18 ಕೆಜಿ ಸೊಂಟದಿಂದ ಮುಂದಕ್ಕೆ ಎಳೆದ್ರೆ ಕಾಲು ನಿಲ್ಲಲ್ಲ.

ಈಗ ನನ್ನ ಇಷ್ಟದ್ದು. ಅಗಲ ನೈಲಾನ್ ಪಟ್ಟಿ, ತುದೀಲಿ ಒಂದು ಹಿಡಿ, ಕೊಕ್ಕೆ ಹತ್ರ ಇನ್ನೊಂದು ಚಿಕ್ಕ ಹಿಡಿ. ಆ ಎರಡನೇ ಹಿಡಿ ಇರೋದನ್ನೇ ತಗೊಳ್ಳಿ, ಕಿರಿದಾದ ಜಾಗದಲ್ಲಿ ಎದುರಿಂದ ಜನ ಬಂದ್ರೆ, ಮೆಟ್ಟಿಲು ಬಂದ್ರೆ, ಅದನ್ನ ಹಿಡಿದ್ರೆ ನಾಯಿ ಮೊಣಕಾಲ ಪಕ್ಕದಲ್ಲೇ ಇರುತ್ತೆ. ಕೈ ಜಾರಿ ಬಿದ್ರೂ ಸದ್ದಿಲ್ಲ, ಕಾಲಲ್ಲಿ ತುಳಿದು ನಿಲ್ಲಿಸಬಹುದು. ಕುತ್ತಿಗೆ ಪಟ್ಟಿಗೆ ಸಿಕ್ಕಿಸ್ಬೇಡಿ, ಎದೆಗೆ ಹಾಕೋ ಹಾರ್ನೆಸ್ಸಿಗೆ ಸಿಕ್ಕಿಸಿ, ಎಳೆತ ಗಂಟಲ ಮೇಲೆ ಬೀಳಲ್ಲ.

2 ಮೀಟರ್ ಸಾಕಾಗಲ್ವಾ ಅಂತ ಕೇಳ್ತಾರೆ. ಅವನು ನಿಂತಲ್ಲೆಲ್ಲ ನಾನೂ ನಿಲ್ಬೇಕು, ಅದು ನಿಜ, ಆದ್ರೆ ನನಗೆ ಅದೇ ಇಷ್ಟ ಆಗಿದ್ದು. ಒಂದು ಕಡೆ ಗೋಡೆ ಬುಡ ಮೂಸ್ತಾ ಐದು ನಿಮಿಷ ಕದಲ್ಲಿಲ್ಲ, ನಾನೂ ಬಗ್ಗಿ ನೋಡ್ದೆ, ಕಲ್ಲಿನ ಅಂಚಲ್ಲಿ ಸಾಲಾಗಿ ಬೆರಳಗಲದ ಅರ್ಧರ್ಧ ತೂತುಗಳು. ಬಂಡೇಲಿ ತೂತು ಕೊರೆದು ಬೆಣೆ ಹೊಡೆದು ಸೀಳಿದ ಗುರುತು ಅವು. ಸೀಳಿದಾಗ ತೂತಿನ ಅರ್ಧ ಈ ಕಲ್ಲಲ್ಲಿ ಉಳಿಯುತ್ತೆ, ಇನ್ನರ್ಧ ಆ ಕಲ್ಲಿನ ಜೊತೆ ಹೋಗುತ್ತೆ. ಗುಂಡ ನಿಲ್ಲಿಸದೇ ಇದ್ದಿದ್ರೆ ಮೇಲೆ ಬುರುಜು ನೋಡ್ಕೊಂಡು ಹೋಗ್ಬಿಡ್ತಿದ್ದೆ. ಅದೇ ತಿರುವಿನ ಬಾಗಿಲಿಗೂ ಆಮೇಲೆ ಹೋದ್ವಿ, ಅಲ್ಲಿ ಬಂದ ತಕ್ಷಣ ನಿಂತ, ನನ್ನ ಮುಖ ನೋಡ್ದ, ನಾನು ಚಿಕ್ಕ ಹಿಡಿ ಹಿಡ್ಕೊಂಡು ಬಾರೋ ಅಂದೆ, ಕಾಲಿಗೆ ಒರಗಿಕೊಂಡೇ ದಾಟಿದ.

ಬೆಲ್ಟು ಯಾವುದಾದ್ರೂ ಬಿಸಿಲಿಗೆ ಮಾತ್ರ ಹುಷಾರು. ನಾಯಿ ಬೆವರೋದು ಹೆಚ್ಚಾಗಿ ಪಾದದ ಮೆತ್ತೇಲಿ, ಮೈ ತಂಪಾಗೋದು ನಾಲಿಗೆ ಚಾಚಿ ಏದುಸಿರು ಬಿಟ್ಟೇ. ಅಂಗೈ ಹಿಂಭಾಗ ಕಲ್ಲಿನ ಮೇಲೆ 7 ಸೆಕೆಂಡ್ ಇಡೋಕೆ ಆಗ್ಲಿಲ್ಲ ಅಂದ್ರೆ ಅದಕ್ಕೂ ಬೇಡ. ಸಂಜೆ ಬಿಸಿಲು ಹೋದ್ಮೇಲೂ ಕಲ್ಲು ಬಿಸಿ ಇರುತ್ತೆ, ಅದಕ್ಕೇ ನಾವು ಬೆಳಗ್ಗೆ ಹೋಗೋದು. ಎಷ್ಟೋ ಸ್ಮಾರಕದೊಳಗೆ ನಾಯಿ ಬಿಡಲ್ಲ, ಆಗ ಒಬ್ಬರು ಹೊರಗೆ ಇದ್ದು ಸರದಿ ಪ್ರಕಾರ ನೋಡ್ಬೇಕು, ಗೇಟಿಗೆ ಕಟ್ಟಿ ಮಾತ್ರ ಹೋಗ್ಬೇಡಿ.

ದುಡ್ಡಿನ ಲೆಕ್ಕ ನೋಡಿದ್ರೂ ಒಂದು ರಿಟ್ರಾಕ್ಟಬಲ್ಲಿಗೆ ಕೊಟ್ಟಿದ್ದಲ್ಲಿ ನನಗೆ ಎರಡು ಪಟ್ಟಿ ಬೆಲ್ಟು ಬಂತು. ನಾನು ವರ್ಷಕ್ಕೆ ಮೂರ್ನಾಲ್ಕು ಸಲ, ಅದೂ ನಡ್ಕೊಂಡೇ, ಇಂಥ ಊರು ಸುತ್ತೋನು. ಬಯಲಲ್ಲಷ್ಟೇ ಓಡಾಡಿಸೋರಿಗೆ, ಕರೆದ ತಕ್ಷಣ ಬರೋ ನಾಯಿ ಇರೋರಿಗೆ ಲೆಕ್ಕ ಬೇರೆ ಇರ್ಬಹುದು. ಈಗ ಬ್ಯಾಗಲ್ಲಿ ಯಾವಾಗ್ಲೂ ಎರಡಿರುತ್ತೆ, ಒಂದು ಮಳೇಲಿ ನೆಂದ್ರೆ ಇನ್ನೊಂದು. ಹೊರಡೋಕೆ ಮುಂಚೆ ಕೊಕ್ಕೆ ಸರಿಯಾಗಿ ಮುಚ್ಕೊಳ್ತಿದ್ಯಾ, ಒಳಗೆ ಮಣ್ಣು ಕೂತಿದ್ಯಾ ಒಂದ್ಸಲ ನೋಡ್ಕೊಳ್ಳಿ, ನಂದು ಕಳೆದ ಸಲ ಅರ್ಧ ತೆರೆದೇ ನಿಂತಿತ್ತು.