ಲೋನ್ ಮೇಲೆ ಕಳಿಸಬೇಕಾ, ಮನೆಯಲ್ಲೇ ಇಟ್ಟುಕೊಳ್ಳಬೇಕಾ? ಒಂದೇ ಸೇವ್, ಮೂರು ದಾರಿ

ಜುಲೈ ತಿಂಗಳ ವಾಸ್ಕೋ ಮಳೆಯಲ್ಲಿ ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ಅಂಥ ಒಂದು ಭಾನುವಾರ ಮಡಗಾಂವ್‌ನಿಂದ ಮಾವನ ಮಗ ಬಂದಿದ್ದ. ನನ್ನ ಲ್ಯಾಪ್‌ಟಾಪ್‌ನಲ್ಲಿ ಫುಟ್‌ಬಾಲ್ ಮ್ಯಾನೇಜರ್ ನಡೆಯುತ್ತಿತ್ತು, ಕ್ಲಬ್ ಒಂದನ್ನು ನಾವೇ ನಡೆಸುವ ಕಂಪ್ಯೂಟರ್ ಆಟ. ಹತ್ತು ನಿಮಿಷ ಸುಮ್ನೆ ನೋಡಿದ. ಆಮೇಲೆ ಶುರು ಮಾಡಿದ. "ಅಣ್ಣಾ, ಈ ಹುಡುಗ್ರನ್ನೆಲ್ಲ ಯಾಕ ಮನ್ಯಾಗ ಕೂಡಿಸಿಟ್ಟಿ? ಲೋನ್ ಮ್ಯಾಲೆ ಕಳಸು. ಆಡದ ಹುಡುಗ ಬೆಳಿಯಂಗಿಲ್ಲ."

ಅಡುಗೆಮನೆಯಿಂದ ಅಮ್ಮ ಇಣುಕಿದಳು. "ಮತ್ತ ಯಾವ ಲೋನ್ ತಗೊಂಡಿ?" ಬೈಕಿನ ಕಂತು ಇನ್ನೂ ತೀರಿಲ್ಲ. ಅವಳು ಗಾಬರಿಯಾಗಿದ್ದರಲ್ಲಿ ತಪ್ಪಿಲ್ಲ. ಈ ಲೋನ್ ಬೇರೆ: ಆಟಗಾರನನ್ನು ಸ್ವಲ್ಪ ಕಾಲ ಇನ್ನೊಂದು ಕ್ಲಬ್‌ಗೆ ಎರವಲು ಕೊಡುವುದು.

ಮಾವನ ಮಗನ ಮಾತು ಈ ಆಟ ಆಡುವವರ ಬಾಯಲ್ಲೆಲ್ಲ ಇರುವ ಮಾತೇ. ನನಗೆ ಮಾತ್ರ ಯಾವತ್ತೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಅವತ್ತೇ ಆಟ ಉಳಿಸಿಟ್ಟ ಸೇವ್ ಫೈಲ್ ಅನ್ನು ಮೂರು ಕಾಪಿ ಮಾಡಿದೆ, ಒಂದೊಂದರಲ್ಲಿ ಒಂದೊಂದು ದಾರಿ. ಮಳೆಗಾಲ ಮುಗಿಯುವಷ್ಟರಲ್ಲಿ ಮೂರರಲ್ಲೂ ಎರಡೆರಡು ಸೀಸನ್ ಆಡಿ ಮುಗಿಸಿದೆ.

ನಾನು ಈ ಆಟಕ್ಕೆ ಬಿದ್ದದ್ದು 2020ರ ನವೆಂಬರ್‌ನಲ್ಲಿ. ಕೊರೋನಾ ಕಾರಣಕ್ಕೆ ಆ ವರ್ಷದ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್, ಪೂರ್ತಿ ಗೋವಾದಲ್ಲೇ ನಡೆಯಿತು. ನಮ್ಮೂರ ತಿಲಕ್ ಮೈದಾನದಲ್ಲೂ ಪಂದ್ಯಗಳಿದ್ದವು, ಆದರೆ ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ರಾತ್ರಿ ಮೈದಾನದ ದೀಪ ಕಾಣುತ್ತಿತ್ತು, ಆಟ ಮಾತ್ರ ಟಿವಿಯಲ್ಲಿ. ಅದೇ ತಿಂಗಳು ಫುಟ್‌ಬಾಲ್ ಮ್ಯಾನೇಜರ್ 2021 ಬಿಡುಗಡೆಯಾಯಿತು, ಗೆಳೆಯನೊಬ್ಬ ಹಚ್ಚಿಸಿದ. ಮೊದಲು ಎಫ್‌ಸಿ ಗೋವಾ ತಂಡವನ್ನೇ ತೆಗೆದುಕೊಂಡಿದ್ದೆ. ಎರಡು ತಿಂಗಳಲ್ಲಿ ಬಿಟ್ಟೆ. ಸ್ವಂತ ಊರಿನ ತಂಡ ಸೋತರೆ ರಾತ್ರಿ ನಿದ್ದೆ ಬರೋದಿಲ್ಲ, ಬೆಳಿಗ್ಗೆ ಡ್ಯೂಟಿಗೆ ಹೋಗಬೇಕು ಅಲ್ವಾ. ಅವತ್ತಿನಿಂದ ನನಗೆ ಯಾವ ನಂಟೂ ಇಲ್ಲದ ಇಂಗ್ಲೆಂಡ್‌ನ ಸಣ್ಣ ಕ್ಲಬ್‌ಗಳೇ ಗತಿ. ಈ ಪ್ರಯೋಗ ನಡೆದದ್ದು 2024ರ ಆವೃತ್ತಿಯಲ್ಲಿ, ನಾಲ್ಕನೇ ಹಂತದ ಲೀಗ್ ಟೂ ಕ್ಲಬ್ ಒಂದರಲ್ಲಿ. 2025ರ ಆವೃತ್ತಿಯನ್ನು ಕಂಪನಿಯೇ ರದ್ದು ಮಾಡಿತು. 2026ರದ್ದು ಹೊಸ ಎಂಜಿನ್ ಮೇಲೆ ಬಂದಿದೆ, ಅದನ್ನು ಓಡಿಸುವ ತಾಕತ್ತು ನನ್ನ ಲ್ಯಾಪ್‌ಟಾಪ್‌ಗೆ ಇದೆ ಅಂತ ನನಗೆ ಅನ್ನಿಸೋದಿಲ್ಲ.

ಪ್ರಯೋಗಕ್ಕೆ ಸಿಕ್ಕಿದ್ದು ಮೂವರು ಹುಡುಗರು. ಮೂವರೂ ನಮ್ಮದೇ ಯೂತ್ ಇನ್‌ಟೇಕ್‌ನಿಂದ, ಅಂದರೆ ಪ್ರತಿ ವರ್ಷ ಕ್ಲಬ್‌ಗೆ ಸಿಗುವ ಹೊಸ ಹುಡುಗರ ಗುಂಪಿನಿಂದ, ಬಂದವರು, ಮೂವರಿಗೂ 17. ಹೆಸರು ನೆನಪಿಡುವುದು ಕಷ್ಟ, ಅದಕ್ಕೆ ನಾನೇ ಅಡ್ಡಹೆಸರು ಇಟ್ಟೆ. ರೈಟ್ ವಿಂಗರ್ 'ಗಾಳಿ': ವೇಗ 13, ಆ ವಯಸ್ಸಿಗೆ ಆ ಮಟ್ಟದಲ್ಲಿ ಭಾರಿ ಆಯ್ತು. ಆದರೆ ಡಿಟರ್ಮಿನೇಷನ್, ಅಂದರೆ ಛಲ, ಬರೀ 6. ಸ್ವಭಾವದ ಜಾಗದಲ್ಲಿ 'ಕ್ಯಾಶುಯಲ್' ಅಂತ ಬರೆದಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಉಂಡಾಡಿ. ಗೋಲಿನ ಮುಂದೆ ಕಾಯುವ ಸೆಂಟರ್ ಬ್ಯಾಕ್ 'ಕಂಬ', ಎತ್ತರದ ಹುಡುಗ, ಛಲ 14. ಮಿಡ್‌ಫೀಲ್ಡರ್ 'ಮೇಷ್ಟ್ರು', 'ಫೇರ್ಲಿ ಪ್ರೊಫೆಷನಲ್' ಸ್ವಭಾವ, ಪಾಸಿಂಗ್ 10.

ಹೊಸಬರಿಗಾಗಿ ಎರಡು ಮಾತು. ಈ ಆಟದಲ್ಲಿ ಕಣ್ಣಿಗೆ ಕಾಣುವ ಗುಣಗಳಿಗೆ 1ರಿಂದ 20ರವರೆಗೆ ಅಂಕ. ಅದರ ಹಿಂದೆ ಈಗಿನ ಸಾಮರ್ಥ್ಯ, ಮುಟ್ಟಬಹುದಾದ ಸಾಮರ್ಥ್ಯ ಅಂತ 200ರವರೆಗಿನ ಎರಡು ಗುಪ್ತ ಅಂಕಗಳಿವೆ. ಕೋಚ್‌ಗಳು ತೋರಿಸುವ ನಕ್ಷತ್ರಗಳು ಅವರವರ ಅಂದಾಜು ಅಷ್ಟೇ, ಅದೂ ನಿಮ್ಮ ತಂಡಕ್ಕೆ ಹೋಲಿಸಿ ಕೊಟ್ಟದ್ದು. ತಂಡ ಬಲವಾದರೆ ಹುಡುಗ ಬೆಳೆದಿದ್ದರೂ ನಕ್ಷತ್ರ ಕಮ್ಮಿಯಾಗುತ್ತದೆ. ಅದಕ್ಕೇ ನಾನು ನಕ್ಷತ್ರ ನೋಡಲಿಲ್ಲ, ಅಂಕ ನೋಡಿದೆ. ಇನ್ನೊಂದು: ಪ್ರೊಫೆಷನಲಿಸಂ ಅನ್ನುವ ಗುಣ ಪರದೆಯ ಮೇಲೆ ಕಾಣೋದೇ ಇಲ್ಲ. ಹುಡುಗ ಎಷ್ಟು ಬೇಗ ಬೆಳೆಯುತ್ತಾನೆ ಅನ್ನುವುದರಲ್ಲಿ ಅದರ ಕೈವಾಡವೇ ಜಾಸ್ತಿ.

ಮೊದಲ ಕಾಪಿಯಲ್ಲಿ ಮೂವರನ್ನೂ ಯೂತ್ ತಂಡದಲ್ಲೇ ಬಿಟ್ಟು, ಬರೀ ಟ್ರೈನಿಂಗ್ ಮೇಲೆ ಜೋರು ಹಾಕಿದೆ. ಒಬ್ಬೊಬ್ಬರಿಗೂ ಒಂದು ರೋಲ್, ಜೊತೆಗೆ ಒಂದು ಹೆಚ್ಚುವರಿ ಫೋಕಸ್. ಗಾಳಿಗೆ ಕ್ರಾಸಿಂಗ್, ಕಂಬಕ್ಕೆ ಡಿಫೆನ್ಸಿವ್ ಪೊಸಿಷನಿಂಗ್, ಮೇಷ್ಟ್ರಿಗೆ ಪಾಸಿಂಗ್. ದುರಾಸೆಗೆ ಬಿದ್ದು ಇಂಟೆನ್ಸಿಟಿ, ಅಂದರೆ ತಾಲೀಮಿನ ಬಿರುಸು, ಡಬಲ್ ಮಾಡಿದೆ. ಮೊದಲ ಮೂರು ತಿಂಗಳು ಅಂಕ ಏರಿದ್ದನ್ನು ತೋರಿಸುವ ಹಸಿರು ಬಾಣಗಳ ಸುರಿಮಳೆ. ನಾಲ್ಕನೇ ತಿಂಗಳು ಗಾಳಿಯ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ಹೋಯಿತು. ವಾಪಸ್ ಬಂದು ಆರು ವಾರಕ್ಕೆ ಮತ್ತೆ ಅದೇ ಕಾಲು. ಡಬಲ್ ತೆಗೆದು ಮಾಮೂಲಿಗೆ ಇಳಿಸಿದೆ, ಆಮೇಲೆ ಏನೂ ಆಗಲಿಲ್ಲ. ಎರಡನೇ ಸೀಸನ್‌ನಲ್ಲಿ ಇನ್ನೊಂದು ತೊಡಕು. ನಮ್ಮಂಥ ಸಣ್ಣ ಕ್ಲಬ್‌ಗೆ ಅಂಡರ್-18 ತಂಡ ಬಿಟ್ಟರೆ ನಡುವೆ ಬೇರೆ ತಂಡ ಇಲ್ಲ. ವಯಸ್ಸು ದಾಟಿದ ಮೇಲೆ ಹುಡುಗರಿಗೆ ಆಡಲು ಪಂದ್ಯವೇ ಇಲ್ಲ. ಫ್ರೆಂಡ್ಲಿ ಪಂದ್ಯ ಹೊಂದಿಸಿ ಹೊಂದಿಸಿ ನನಗೇ ಸಾಕಾಯಿತು. ಕೊನೆಗೆ ಕೈಗೆ ಬಂದದ್ದು ಜಿಮ್ ಹುಡುಗರು. ಗಾಳಿಯ ವೇಗ 15, ಕ್ರಾಸಿಂಗ್ 8ರಿಂದ 11. ಆದರೆ ಚೆಂಡು ಕಾಲಿಗೆ ಬಂದಾಗ ಏನು ಮಾಡಬೇಕು ಅನ್ನುವ ಡಿಸಿಷನ್ಸ್ 6ರಿಂದ ಬರೀ 7. ಮೇಷ್ಟ್ರ ಪಾಸಿಂಗ್ 12 ಆಯ್ತು, ಡಿಸಿಷನ್ಸ್ 9ರಿಂದ 10. ಅಲ್ಲಿಗೆ ಆ ಕಾಪಿ ಮುಗಿಯಿತು.

ಎರಡನೇ ಕಾಪಿ, ಮಾವನ ಮಗನ ದಾರಿ. ಮೂವರನ್ನೂ ಲೋನ್ ಮೇಲೆ ಒಂದು ಹಂತ ಕೆಳಗಿನ ನ್ಯಾಷನಲ್ ಲೀಗ್‌ಗೆ ಕಳಿಸಿದೆ.

ಇಲ್ಲಿ ನಾನು ಮೊದಲು ಮಾಡಿದ ತಪ್ಪು ಹೇಳಲೇಬೇಕು. ಗಾಳಿಗೆ ನಾಲ್ಕು ಕ್ಲಬ್ ಕೇಳಿದ್ದವು. ಸಂಬಳದಲ್ಲಿ ಯಾರು ಜಾಸ್ತಿ ಪಾಲು ಕೊಡುತ್ತಾರೋ ಅವರಿಗೇ ಒಪ್ಪಿಸಿದೆ. ಲೋನ್ ಕರಾರಿನಲ್ಲಿ ಎಷ್ಟು ಆಡಿಸಬೇಕು, ಯಾವ ಜಾಗದಲ್ಲಿ, ಯಾವ ರೋಲ್‌ನಲ್ಲಿ ಆಡಿಸಬೇಕು ಅಂತ ಷರತ್ತು ಹಾಕಬಹುದು. ನಾನು ಹಾಕಲಿಲ್ಲ. ನವೆಂಬರ್‌ನಲ್ಲಿ ಹುಡುಗರ ವರದಿ ಇರುವ ಡೆವಲಪ್‌ಮೆಂಟ್ ಸೆಂಟರ್ ಪುಟ ತೆರೆದು ನೋಡುತ್ತೇನೆ, ಹುಡುಗ ಆಡಿದ್ದು ಐದು ಪಂದ್ಯ, ಅದರಲ್ಲಿ ಮೂರು ಲೆಫ್ಟ್ ಬ್ಯಾಕ್ ಆಗಿ! ಬಲಗಾಲಿನ ವಿಂಗರ್‌ನನ್ನು ಒಯ್ದು ಎಡಗಡೆ ಡಿಫೆನ್ಸ್‌ನಲ್ಲಿ ನಿಲ್ಲಿಸಿದ್ದರು. ಮಗಳನ್ನು ಕೊಟ್ಟ ಮನೆಯಿಂದ ದೂರು ಬಂದ ಅಪ್ಪನ ಹಾಗಾಯಿತು ನನ್ನ ಸ್ಥಿತಿ. ಜನವರಿಯಲ್ಲಿ ವಾಪಸ್ ಕರೆಸಿ ಬೇರೆ ಕಡೆ ಕಳಿಸಿದೆ, ಈ ಸಲ ಷರತ್ತು ಹಾಕಿ. ಅಲ್ಲಿ ಆಡಿಸಿದರು. ಆದರೂ ಎರಡು ಸೀಸನ್ ಕಳೆದಾಗ ಕ್ರಾಸಿಂಗ್ 9, ಡಿಸಿಷನ್ಸ್ 8, ಛಲ ಅದೇ 6.

ಆಮೇಲೆ ಹೊಳೆಯಿತು. ಲೋನ್ ಹೋದ ಹುಡುಗನ ಟ್ರೈನಿಂಗ್ ನಮ್ಮ ಕೈಯಲ್ಲಿ ಇರುವುದಿಲ್ಲ. ಅಲ್ಲಿನ ಕೋಚ್, ಅಲ್ಲಿನ ಮೈದಾನ, ಅಲ್ಲಿನ ಸೌಕರ್ಯ. ನ್ಯಾಷನಲ್ ಲೀಗ್ ಕ್ಲಬ್‌ನ ಟ್ರೈನಿಂಗ್ ಸೌಕರ್ಯ ನಮ್ಮದಕ್ಕಿಂತ ಕಡೆ. ತಾನಾಗಿಯೇ ದುಡಿಯುವ ಹುಡುಗ ಅಲ್ಲೂ ದುಡಿಯುತ್ತಾನೆ. ಉಂಡಾಡಿಗೆ ಕೇಳುವವರೇ ಇಲ್ಲ.

ಇದೇ ಕಾಪಿಯಲ್ಲಿ ಮೇಷ್ಟ್ರು ಮಾತ್ರ ನನ್ನ ಬಾಯಿ ಮುಚ್ಚಿಸಿದರು. ಒಂದೇ ಸೀಸನ್‌ನಲ್ಲಿ 38 ಪಂದ್ಯ. ಪಾಸಿಂಗ್ 13, ಡಿಸಿಷನ್ಸ್ 12. ಮೂರೂ ಕಾಪಿಗಳಲ್ಲಿ ಅವನಿಗೆ ಬಂದ ಅತಿ ಒಳ್ಳೆಯ ಫಲ ಇದೇ. ಕಂಬನೂ ಹಾಗೆಯೇ. ಗೊತ್ತಲ್ಲ, ಸೆಂಟರ್ ಬ್ಯಾಕ್ ಕಲಿಯುವುದು ತಪ್ಪು ಮಾಡಿಯೇ. ಆ ತಪ್ಪುಗಳನ್ನೆಲ್ಲ ಬೇರೆಯವರ ಅಂಗಿ ಹಾಕಿಕೊಂಡು ಮಾಡಿ ಬಂದ. ಮಾವನ ಮಗನಿಗೆ ಫೋಟೋ ಕಳಿಸಿದೆ. "ಹೇಳಿದ್ನಿಲ್ಲ?" ಅಂತ ಒಂದೇ ಮಾತು ಬಂತು. ಗಾಳಿಯ ಫೋಟೋವನ್ನೂ ಕಳಿಸಿದೆ. ಅದಕ್ಕೆ ಉತ್ತರ ಇಲ್ಲ.

ಮೂರನೇ ಕಾಪಿ ನನ್ನ ಹಟದ್ದು. ಮೂವರನ್ನೂ ಸೀನಿಯರ್ ತಂಡಕ್ಕೆ ಏರಿಸಿದೆ, ಹಿರಿಯರ ಸ್ವಭಾವ ಕಿರಿಯರಿಗೆ ಅಂಟುವ ಮೆಂಟರಿಂಗ್ ಗುಂಪುಗಳಿಗೆ ಸೇರಿಸಿದೆ. ಇದು 2019ರ ಆವೃತ್ತಿಯಿಂದ ಬಂದ ವ್ಯವಸ್ಥೆ. ಅದಕ್ಕೂ ಮೊದಲು ಒಬ್ಬ ಹಿರಿಯನಿಗೆ ಒಬ್ಬ ಹುಡುಗನನ್ನು ಗಂಟು ಹಾಕಬೇಕಿತ್ತು. ಈಗ ಗುಂಪಿನಲ್ಲಿ ಕನಿಷ್ಠ ಮೂವರು ಬೇಕು. ಹಿರಿಯ ಎಷ್ಟು ಪ್ರಭಾವಿ, ವಯಸ್ಸೆಷ್ಟು, ಕ್ಲಬ್‌ಗೆ ಎಷ್ಟು ಪಂದ್ಯ ಆಡಿದ್ದಾನೆ, ಇಬ್ಬರೂ ಒಂದೇ ಗೆಳೆಯರ ಬಳಗದವರಾ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಹುಡುಗ ಸೀನಿಯರ್ ತಂಡದಲ್ಲಿ ಇದ್ದುಕೊಂಡೇ ಅಂಡರ್-18 ಪಂದ್ಯಗಳಿಗೆ ಸಿಗುವ ಹಾಗೆ ಬಿಡಬಹುದು. ಇದು ತುಂಬಾ ಜನ ಗಮನಿಸದ ಬಟನ್. ತಾಲೀಮು ದೊಡ್ಡವರ ಜೊತೆ, ಪಂದ್ಯ ಓರಗೆಯವರ ಜೊತೆ. ಹೋದಲ್ಲಿ ಬಂದಲ್ಲಿ ಹತ್ತು ಹದಿನೈದು ನಿಮಿಷ ಲೀಗ್‌ನಲ್ಲೂ ಇಳಿಸಿದೆ. ಇಎಫ್‌ಎಲ್ ಟ್ರೋಫಿಯಂಥ ಕಪ್ ಪಂದ್ಯಗಳನ್ನು ಪೂರ್ತಿ ಅವರಿಗೇ ಬಿಟ್ಟೆ.

ಗಾಳಿಯನ್ನು ಕ್ಯಾಪ್ಟನ್ ಜೊತೆ ಹಾಕಿದೆ. 33 ವರ್ಷದ ಡಿಫೆಂಡರ್, 'ಮಾಡೆಲ್ ಪ್ರೊಫೆಷನಲ್', ಕಾಲಲ್ಲಿ ಕಸುವು ಕಮ್ಮಿಯಾಗಿ ಬೆಂಚಿನಲ್ಲಿ ಕೂತವನು. ಆ ಬೇಸಿಗೆಯಲ್ಲಿ ಅವನನ್ನು ಬಿಟ್ಟುಬಿಡುವ ಯೋಚನೆ ಇತ್ತು, ಇದೊಂದೇ ಕಾರಣಕ್ಕೆ ಒಂದು ವರ್ಷದ ಕರಾರು ಹೆಚ್ಚಿಸಿದೆ. ಮೊದಲ ಎರಡು ತಿಂಗಳು ಏನೂ ಇಲ್ಲ. ಅಕ್ಟೋಬರ್ ಕೊನೆಗೆ ಛಲ 7. ಡಿಸೆಂಬರ್‌ನಲ್ಲಿ 8. ವಾರದ ಟ್ರೈನಿಂಗ್ ಅಂಕ ಕೆಳಗೆ ಬಿದ್ದಾಗ ಕರೆದು ಬೈದೆ, ಚೆನ್ನಾಗಿದ್ದ ವಾರ ಹೊಗಳಿದೆ. ಆಟದಲ್ಲಿ ಫೆಬ್ರವರಿ ಬಂದಾಗ ಒಂದು ರಾತ್ರಿ ಪ್ರೊಫೈಲ್ ತೆರೆದರೆ 'ಕ್ಯಾಶುಯಲ್' ಹೋಗಿ 'ಬ್ಯಾಲೆನ್ಸ್ಡ್' ಅಂತ ಬಂದಿತ್ತು. ಒಂದು ಗೋಲು ಹೊಡೆದಷ್ಟೇ ಖುಷಿಯಾಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು, ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಬರೀ ಅಲಂಕಾರಕ್ಕೆ. ಸೇವ್ ಮಾಡಿದ್ದು ಆಟದ ಲೆಕ್ಕದಲ್ಲಿ ಎರಡು ವಾರದ ಹಿಂದೆ. ಆ ಎರಡು ವಾರ ಮತ್ತೆ ಆಡಿದೆ, ಪುಣ್ಯಕ್ಕೆ ಸ್ವಭಾವ ಮತ್ತೆ ಬದಲಾಯಿತು. ಎರಡು ಸೀಸನ್ ಕೊನೆಗೆ ಗಾಳಿಯ ವೇಗ 14, ಕ್ರಾಸಿಂಗ್ 11, ಡಿಸಿಷನ್ಸ್ 9, ಛಲ 10. ಲೋನ್‌ಗೆ ಹೋದ ಗಾಳಿಗಿಂತ ಕಮ್ಮಿ ನಿಮಿಷ ಆಡಿದವನು ಇವನು.

ಹಾಗಂತ ಈ ದಾರಿ ಪುಕ್ಕಟೆ ಅಲ್ಲ. ಕಂಬನನ್ನು ಲೀಗ್ ಪಂದ್ಯಗಳಲ್ಲಿ ಆಡಿಸಿದ್ದಕ್ಕೆ ನಾಲ್ಕು ಪಂದ್ಯ ಕಳೆದುಕೊಂಡೆ, ನಾಲ್ಕರಲ್ಲೂ ಗೋಲು ಅವನ ಬೆನ್ನ ಹಿಂದಿನಿಂದಲೇ. ವಿಂಗರ್ ತಪ್ಪು ಮಾಡಿದರೆ ಚೆಂಡು ಹೋಗುತ್ತದೆ, ಸೆಂಟರ್ ಬ್ಯಾಕ್ ತಪ್ಪು ಮಾಡಿದರೆ ಪಾಯಿಂಟ್ ಹೋಗುತ್ತದೆ. ಆ ಸೀಸನ್ ಮೇಲಿನ ಲೀಗ್‌ಗೆ ಏರಲು ಆಡುವ ಪ್ಲೇಆಫ್ ನಮಗೆ ಎರಡು ಪಾಯಿಂಟ್‌ನಲ್ಲಿ ತಪ್ಪಿತು. ಬೋರ್ಡ್ ಮುಖ ಗಂಟಿಕ್ಕಿತು. ಇನ್ನೊಂದು ಎಡವಟ್ಟು: ಕಂಬನ ಗುಂಪಿಗೆ ನಮ್ಮ ಸ್ಟ್ರೈಕರ್‌ನನ್ನು ಸೇರಿಸಿದ್ದೆ. ತಂಡದಲ್ಲಿ ಎಲ್ಲರಿಗೂ ಬೇಕಾದವನು, ಆದರೆ ಛಲ ಬರೀ 7. ಆರು ತಿಂಗಳಲ್ಲಿ ಕಂಬನ ಛಲ 14ರಿಂದ 13ಕ್ಕೆ ಇಳಿಯಿತು. ಸಹವಾಸದಿಂದ ಸನ್ಯಾಸಿ ಕೆಟ್ಟ ಅನ್ನುತ್ತಾರಲ್ಲ, ಆಟ ಬರೆದವರಿಗೂ ಅದು ಗೊತ್ತು. ಮೇಷ್ಟ್ರು ಇಲ್ಲಿ ಪಾಸಿಂಗ್ 12, ಡಿಸಿಷನ್ಸ್ 11. ಪರವಾಗಿಲ್ಲ, ಆದರೆ ಲೋನ್‌ಗೆ ಹೋದ ಮೇಷ್ಟ್ರ ಮುಂದೆ ಕಮ್ಮಿಯೇ.

ಮೂರು ಹುಡುಗರ ಲೆಕ್ಕ ಇಟ್ಟುಕೊಂಡು ಲೋಕಕ್ಕೆಲ್ಲ ಪಾಠ ಹೇಳಲು ಬರೋದಿಲ್ಲ. ಅದೇ ಸೇವ್ ಮತ್ತೊಮ್ಮೆ ಆಡಿದರೆ ಅಂಕಗಳು ಒಂದೆರಡು ಆಚೀಚೆ ಆಗುತ್ತವೆ. ಆದರೂ ನಾನು ಈಗ ಲೋನ್ ಬಟನ್ ಒತ್ತುವ ಮೊದಲು ಹುಡುಗನ ವಯಸ್ಸು, ಜಾಗ ಯಾವುದನ್ನೂ ನೋಡೋದಿಲ್ಲ, ಸ್ವಭಾವದ ಸಾಲು ನೋಡುತ್ತೇನೆ. ಅಲ್ಲಿ 'ಪ್ರೊಫೆಷನಲ್' ಅಥವಾ 'ಡಿಟರ್ಮಿನ್ಡ್' ಅನ್ನುವ ಮಾತಿದ್ದರೆ ಕಳಿಸುತ್ತೇನೆ, ಷರತ್ತು ಹಾಕಿ. ಇಲ್ಲದಿದ್ದರೆ ಮೊದಲು ಕ್ಯಾಪ್ಟನ್ ಪಕ್ಕದಲ್ಲಿ ಒಂದು ವರ್ಷ. ಬರೀ ಯೂತ್ ಟ್ರೈನಿಂಗ್‌ನಲ್ಲಿ ಬಿಡುವುದು 16 ದಾಟದವರಿಗೆ ಮಾತ್ರ.

ಮೊದಲ ಎರಡು ಕಾಪಿ ಅಳಿಸಿಹಾಕಿದೆ. ಮೂರನೆಯದರಲ್ಲಿ ಈಗ ಆಗಸ್ಟ್. ಗಾಳಿಗೆ 19 ತುಂಬಿದೆ, ಕ್ಯಾಪ್ಟನ್ ನಿವೃತ್ತಿಯಾಗಿ ನಮ್ಮಲ್ಲೇ ಅಂಡರ್-18 ಕೋಚ್ ಆಗಿದ್ದಾನೆ. ನ್ಯಾಷನಲ್ ಲೀಗ್‌ನ ಎರಡು ಕ್ಲಬ್‌ಗಳು ಗಾಳಿಯನ್ನು ಲೋನ್‌ಗೆ ಕೇಳಿವೆ. ಒಬ್ಬರು ಪೂರ್ತಿ ಸಂಬಳ ಕೊಡುತ್ತಾರಂತೆ. ಇನ್ನೊಬ್ಬರು ಅರ್ಧ ಕೊಡುತ್ತಾರೆ, ಆದರೆ ರೈಟ್ ವಿಂಗ್‌ನಲ್ಲೇ ಆಡಿಸುತ್ತೇವೆ, ಪ್ರತಿ ಪಂದ್ಯಕ್ಕೂ ಇಳಿಸುತ್ತೇವೆ ಅಂತ ಒಪ್ಪಿದ್ದಾರೆ. ಅರ್ಧ ಸಂಬಳದವರಿಗೇ ಕೊಟ್ಟೆ. ಮಾವನ ಮಗನಿಗೆ ಇನ್ನೂ ಹೇಳಿಲ್ಲ.