ಸ್ಲೀಪ್, ಇಂಪ್ಲಿಸಿಟ್, ಎಕ್ಸ್‌ಪ್ಲಿಸಿಟ್: ಕಾಯುವುದಾದರೆ ಯಾವುದರಿಂದ?

ಸೆಲೆನಿಯಮ್ ಎಂದರೆ ಬ್ರೌಸರನ್ನು ಕೋಡ್‌ನಿಂದ ಓಡಿಸುವ ಸಾಧನ. ಅದರ ಟೆಸ್ಟ್‌ಗಳಲ್ಲಿ, ಪುಟ ಸಿದ್ಧವಾಗುವವರೆಗೆ ಕಾಯುವ ಈ ಮೂರು ಬಗೆಗಳನ್ನೂ ಪೈಥಾನ್‌ನಲ್ಲಿ ಬಳಸಿ ನೋಡಿದ ಮೇಲೆ ನನ್ನ ಮತ ಎಕ್ಸ್‌ಪ್ಲಿಸಿಟ್ ವೇಟ್‌ಗೆ.

ಸ್ಲೀಪ್ ಬೇಡವೇ ಬೇಡ. 5 ಸೆಕೆಂಡ್ ಎಂದು ಬರೆದರೆ, ಬಟನ್ ಕ್ಷಣದಲ್ಲಿ ಬಂದರೂ ಐದೂ ಸೆಕೆಂಡ್ ಕಳೆಯಲೇಬೇಕು. ಆರನೆಯ ಸೆಕೆಂಡಿಗೆ ಬಂದರೆ ಟೆಸ್ಟ್ ಬೀಳುತ್ತದೆ.

ಎಕ್ಸ್‌ಪ್ಲಿಸಿಟ್‌ನಲ್ಲಿ ಸೆಲೆನಿಯಮ್‌ನ ವೆಬ್‌ಡ್ರೈವರ್‌ವೇಟ್ ಎಂಬ ಕ್ಲಾಸ್‌ಗೆ ಒಂದು ಷರತ್ತು, ಒಂದು ಗಡುವು ಕೊಡುತ್ತೇವೆ. ಬೇರೆ ಹೇಳದಿದ್ದರೆ ಅದು ಅರ್ಧ ಸೆಕೆಂಡಿಗೊಮ್ಮೆ ಪರೀಕ್ಷಿಸುತ್ತದೆ, ಎಲಿಮೆಂಟ್ (ಬಟನ್‌ನಂಥ ಪುಟದ ಭಾಗ) ಸಿಗಲಿಲ್ಲ ಎಂಬ ದೋಷವನ್ನು ನುಂಗಿಕೊಂಡು ಮತ್ತೆ ನೋಡುತ್ತದೆ, ಷರತ್ತು ಈಡೇರಿದ ಕೂಡಲೇ ಮುಂದಿನ ಸಾಲಿಗೆ ಹೋಗುತ್ತದೆ. ಗಡುವು ಮೀರಿದರೆ ಟೈಮ್‌ಔಟ್ ಎಕ್ಸೆಪ್ಶನ್ ಎಂಬ ದೋಷ.

ಇಂಪ್ಲಿಸಿಟ್ ವೇಟ್‌ನ ಆಕರ್ಷಣೆ ನನಗೆ ಅರ್ಥವಾಗುತ್ತದೆ: ಎಲಿಮೆಂಟ್ ಸಿಗದಿದ್ದರೆ ಇಷ್ಟು ಸೆಕೆಂಡ್‌ವರೆಗೆ ಹುಡುಕು ಎಂದು ಒಮ್ಮೆ ಬರೆದರೆ ಎಲ್ಲ ಹುಡುಕಾಟಕ್ಕೂ ಅನ್ವಯ. ಆದರೆ ಅದು ಎಲಿಮೆಂಟ್ ಪುಟದಲ್ಲಿದೆಯೇ ಎಂದಷ್ಟೇ ನೋಡುತ್ತದೆ. ಕಾಣುತ್ತಿದೆಯೇ, ಕ್ಲಿಕ್ ಮಾಡಲು ಬರುತ್ತದೆಯೇ ಎಂಬುದನ್ನು ಕೇಳುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಎರಡರ ಬೆರಕೆ. ನನ್ನ ಕೈಗೆ ಬಂದ ಹಳೆಯ ಕೋಡ್‌ನಲ್ಲಿ 10 ಸೆಕೆಂಡಿನ ಇಂಪ್ಲಿಸಿಟ್ ವೇಟ್ ಕೂತಿತ್ತು, ಅದರ ಮೇಲೆ ಲೋಡರ್ (ಪುಟ ತುಂಬುತ್ತಿದೆ ಎಂದು ತೋರಿಸುವ ಗುರುತು) ಮರೆಯಾಗುವವರೆಗೆ ಕಾಯುವ ಎಕ್ಸ್‌ಪ್ಲಿಸಿಟ್ ವೇಟ್. ಲೋಡರ್ ಪುಟದಿಂದ ಕಳಚಿಹೋದದ್ದು ಕಣ್ಣೆದುರೇ ಕಾಣುತ್ತಿದ್ದರೂ ಟೆಸ್ಟ್ ಅಲ್ಲಾಡುತ್ತಿರಲಿಲ್ಲ.

ಕಾರಣ ಸರಳ. ಲೋಡರ್ ಇಲ್ಲ ಎಂದು ತಿಳಿಯಲು ಷರತ್ತು ಮೊದಲು ಅದನ್ನು ಹುಡುಕುತ್ತದೆ. ಇಂಪ್ಲಿಸಿಟ್ ವೇಟ್ ಆ ಹುಡುಕಾಟವನ್ನು 10 ಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. ಅದು ಮುಗಿದ ಮೇಲೆಯೇ ‘ಇಲ್ಲ’ ಎಂಬ ಉತ್ತರ. ಹೀಗೆ ಲೋಡರ್ ಇರುವ ಪ್ರತಿ ಪುಟದಲ್ಲೂ 10 ಸೆಕೆಂಡ್ ದಂಡ. ಬೆರಕೆಯಿಂದ ಗಡುವಿನ ಲೆಕ್ಕವೂ ಕೆಡುತ್ತದೆ: 10 ಇಂಪ್ಲಿಸಿಟ್, 15 ಎಕ್ಸ್‌ಪ್ಲಿಸಿಟ್ ಇಟ್ಟರೆ ಟೈಮ್‌ಔಟ್ 20ಕ್ಕೆ ಬರಬಹುದು ಎಂದು ಸೆಲೆನಿಯಮ್ ದಾಖಲೆಯೇ ಎಚ್ಚರಿಸುತ್ತದೆ. ಇಂಪ್ಲಿಸಿಟ್ ಅನ್ನು ಸೊನ್ನೆಗೆ ಇಳಿಸಿದೆ, ಟೆಸ್ಟ್ ಓಡತೊಡಗಿತು.

ಎಕ್ಸ್‌ಪ್ಲಿಸಿಟ್‌ಗೂ ಒಂದು ಕೊರತೆಯಿದೆ. ‘ಎಲಿಮೆಂಟ್ ಟು ಬಿ ಕ್ಲಿಕಬಲ್’ ಎಂಬ ಷರತ್ತು ಬಟನ್ ಕಾಣುತ್ತಿದೆ, ಸಕ್ರಿಯವಾಗಿದೆ ಎಂಬುದನ್ನಷ್ಟೇ ನೋಡುತ್ತದೆ. ಮೇಲೆ ಲೋಡರ್‌ನ ಪರದೆ ಮುಚ್ಚಿದ್ದರೆ ಕ್ಲಿಕ್‌ಗೆ ಅದು ಅಡ್ಡ ಬಂದಿದೆ ಎಂದು ಸೆಲೆನಿಯಮ್ ದೋಷ ಕೊಡುತ್ತದೆ. ಆದ್ದರಿಂದ ಮೊದಲು ಪರದೆ ಸರಿಯಲು, ಆಮೇಲೆ ಬಟನ್‌ಗೆ ಕಾಯಿಸುತ್ತೇನೆ.

ಇಂಥದ್ದೇ ಇನ್ನೊಂದು ಸಾಧನವಾದ ಪ್ಲೇರೈಟ್ ಇದನ್ನೆಲ್ಲ ಕ್ಲಿಕ್‌ಗೆ ಮುನ್ನ ತಾನೇ ಪರೀಕ್ಷಿಸುತ್ತದೆ; ಹೊಸದಾಗಿ ಶುರುಮಾಡುವವರು ಅದನ್ನೇ ಹಿಡಿಯಲಿ. ನನ್ನ ಬಳಿ ಇರುವುದು ಹಳೆಯ ಸೆಲೆನಿಯಮ್ ಟೆಸ್ಟ್‌ಗಳ ರಾಶಿ, ಅದನ್ನು ಹೊಸದಾಗಿ ಬರೆಯಲು ಸಮಯವೂ ಇಲ್ಲ, ಹಣವೂ ಇಲ್ಲ. ಟೆಸ್ಟ್ ಓಡಿಸುವ ಸರ್ವರ್‌ಗೆ ನಿಮಿಷದ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ನಮ್ಮಂಥ ಸಣ್ಣ ತಂಡಕ್ಕೆ ಎಕ್ಸ್‌ಪ್ಲಿಸಿಟ್ ವೇಟೇ ಸರಿ.